ಅನಿಮೆಯೋ ಮಾಂಗಾವೋ: ಗಡಿಯಾರ ಯಾರ ಕೈಯಲ್ಲಿದೆ?

ಪ್ರಶ್ನೆ: ನರುತೊ ಎಂಬ ಅನಿಮೆಯನ್ನು (ಜಪಾನಿನ ಕಾರ್ಟೂನ್ ಧಾರಾವಾಹಿ) ಆಸೆಯಿಂದ ಶುರು ಮಾಡಿದೆ. 140ನೆಯ ಕಂತಿನ ಹೊತ್ತಿಗೆ ಕಥೆ ನಿಂತಲ್ಲೇ ನಿಂತಿತು. ‘ಅನಿಮೆ ಬಿಡು, ಅದರ ಮೂಲವಾದ ಚಿತ್ರಕಥೆ ಪುಸ್ತಕ, ಮಾಂಗಾ, ಓದು’ ಎಂದು ಗೆಳೆಯರ ಉಪದೇಶ. ಓದಲು ಕೂತರೆ ಯಾವ ಚೌಕದಿಂದ ಯಾವ ಚೌಕಕ್ಕೆ ಹೋಗಬೇಕೋ ತಿಳಿಯದು. ಹೊಡೆದಾಟದಲ್ಲಿ ಯಾರ ಏಟು ಯಾರಿಗೆ ಬಿತ್ತೆಂದೂ ಗೊತ್ತಾಗದು. ಎರಡರಲ್ಲಿ ನಿಜಕ್ಕೂ ಯಾವುದು ಮೇಲು? ಯಾವುದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ? ಹೊಸ ಸರಣಿ ಹಿಡಿಯುವಾಗ ಹೇಗೆ ಆರಿಸಬೇಕು?

ಉತ್ತರ: ನಿಮಗೆ 140ರ ಹೊತ್ತಿಗೆ ಬೇಸರ ಬಂದದ್ದು ನಿಮ್ಮ ತಪ್ಪಲ್ಲ, ಲೆಕ್ಕದ ಪ್ರಕಾರವೇ ಬಂದಿದೆ. ನರುತೊ ಮಾಂಗಾದ ಮೊದಲ ಭಾಗ 238 ಅಧ್ಯಾಯಗಳದ್ದು. ಅನಿಮೆಯಲ್ಲಿ ಆ ಕಥೆ 135ನೆಯ ಕಂತಿಗೆ ಮುಗಿದುಹೋಗುತ್ತದೆ. 136ರಿಂದ 219ರವರೆಗಿನದು ಬಹುಪಾಲು ಅನಿಮೆ ತಂಡ ತಾನೇ ಹೊಸೆದ ಕಥೆ. ಅಭಿಮಾನಿಗಳು ಇದನ್ನು ‘ಫಿಲ್ಲರ್’ ಅನ್ನುತ್ತಾರೆ, ನಾವು ಮಜ್ಜಿಗೆಗೆ ನೀರು ಬೆರೆಸುವುದು ಅನ್ನಬಹುದು. ಟಿ.ವಿ.ಯಲ್ಲಿ ವಾರಕ್ಕೊಂದು ಕಂತು ತಪ್ಪದೆ ಬರಬೇಕು, ಒಂದು ಕಂತಿಗೆ ಸುಮಾರು ಎರಡು ಅಧ್ಯಾಯ ಬೇಕು. ಮಾಂಗಾಕಾರ ವಾರಕ್ಕೆ ಕೊಡುವುದು ಒಂದೇ ಅಧ್ಯಾಯ. ಕೊಯ್ಲಿಗಿಂತ ಊಟ ಹೆಚ್ಚಾದರೆ ಕಣಜ ಖಾಲಿಯಾಗಲೇಬೇಕಲ್ಲ. ಹಾಗಾಗಿ ಈಗ ನೀವು ಮಾಡಬೇಕಾದ್ದು ಇಷ್ಟೇ: 135 ಮುಗಿದಿದ್ದರೆ 220ನೆಯ ಕಂತನ್ನೊಮ್ಮೆ ನೋಡಿ ನೇರ ಅದರ ಮುಂದಿನ ಭಾಗವಾದ ‘ಶಿಪ್ಪುಡೆನ್’ಗೆ ಹಾರಿ. ಅದರ 500 ಕಂತುಗಳಲ್ಲೂ ಇಂಥ ಜೊಳ್ಳು ಬಹಳ ಇದೆ, ಫಿಲ್ಲರ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಿ.

ಇನ್ನು ಯಾವುದು ಮೇಲು ಎಂಬ ಪ್ರಶ್ನೆ. (ಮಾಂಗಾ ಎಂದು ದೀರ್ಘ ಕೊಟ್ಟೇ ಬರೆಯುತ್ತಿದ್ದೇನೆ. ಹ್ರಸ್ವ ಮಾಡಿದರೆ ಕನ್ನಡದಲ್ಲಿ ಬೇರೊಂದು ಪ್ರಾಣಿ ಬಂದು ಕೂರುತ್ತದೆ.) ‘ಮೂಲವೇ ಶ್ರೇಷ್ಠ’ ಎನ್ನುವ ಮಾಂಗಾ ಪಕ್ಷವೂ ‘ಚಲಿಸದಿದ್ದರೆ ಏನು ಮಜ’ ಎನ್ನುವ ಅನಿಮೆ ಪಕ್ಷವೂ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯುತ್ತವೆ. ಮಾಂಗಾ ಓದುವಾಗ ಗಡಿಯಾರ ಓದುಗನ ಕೈಯಲ್ಲಿರುತ್ತದೆ, ಅನಿಮೆಯಲ್ಲಿ ಅದು ನಿರ್ದೇಶಕನ ಕೈಯಲ್ಲಿ. ಎರಡರ ಬಲಾಬಲ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತದೆ.

ತಕೆಹಿಕೊ ಇನೊಯೆ ಅವರ ‘ಸ್ಲ್ಯಾಮ್ ಡಂಕ್’ ಇದಕ್ಕೆ ಒಳ್ಳೆಯ ಸಾಕ್ಷಿ. ಬಾಸ್ಕೆಟ್‌ಬಾಲ್ ಕಥೆ, 1990ರಿಂದ 1996ರವರೆಗೆ ಬಂದದ್ದು, 31 ಸಂಪುಟ. ಮಾಂಗಾದಲ್ಲಿ ಚೆಂಡು ಗಾಳಿಯಲ್ಲಿರುವಾಗ ಆಟಗಾರನ ಮನಸ್ಸಿನ ನಾಲ್ಕು ಸಾಲು ಬಂದರೆ ನಾವು ಎರಡು ಸೆಕೆಂಡಿನಲ್ಲಿ ಓದಿ ಮುಂದೆ ಹೋಗುತ್ತೇವೆ, ಚೆಂಡು ನಿಂತಿತ್ತು ಎಂದು ಅನ್ನಿಸುವುದೇ ಇಲ್ಲ. ಅದೇ ನಾಲ್ಕು ಸಾಲನ್ನು ಅನಿಮೆಯಲ್ಲಿ ನಟ ಉಚ್ಚರಿಸಲು ಹದಿನೈದು ಸೆಕೆಂಡು ಬೇಕು, ಅಷ್ಟೂ ಹೊತ್ತು ಚೆಂಡು ತ್ರಿಶಂಕುವಿನಂತೆ ತೂಗಬೇಕು. ಯಕ್ಷಗಾನದಲ್ಲಿ ಬಾಣ ಹೂಡಿ ನಿಂತವನು ಅರ್ಧ ಗಂಟೆ ಅರ್ಥ ಹೇಳಿದರೂ ನಮಗೆ ಬೇಸರವಿಲ್ಲ, ಏಕೆಂದರೆ ಅಲ್ಲಿ ಮಾತೇ ಆಟ. ಬಾಸ್ಕೆಟ್‌ಬಾಲಿನಲ್ಲಿ ಹಾಗಲ್ಲ. 1993ರಿಂದ 1996ರವರೆಗೆ ಬಂದ 101 ಕಂತುಗಳ ಟಿ.ವಿ. ಅನಿಮೆ ಹೀಗೆ ಎಳೆದೂ ಎಳೆದೂ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಮೊದಲೇ ನಿಂತುಹೋಯಿತು. ಮಾಂಗಾದ ಕೊನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ ಇನೊಯೆ ಮಾತನ್ನು ಹೆಚ್ಚುಕಡಿಮೆ ತೆಗೆದೇಬಿಟ್ಟಿದ್ದಾರೆ. ಪುಟದ ಮೇಲೆ ಪುಟ ಬರಿ ಚಿತ್ರ. ಅಲ್ಲಿ ಎಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕೆಂದು ತೀರ್ಮಾನಿಸುವವರು ನೀವೇ. ಆ ಪಂದ್ಯ ತೆರೆಗೆ ಬಂದದ್ದು 2022ರ ಡಿಸೆಂಬರಿನಲ್ಲಿ, ಇನೊಯೆ ತಾವೇ ನಿರ್ದೇಶಿಸಿದ ಚಲನಚಿತ್ರವಾಗಿ. ಮನಸ್ಸಿನ ಮಾತುಗಳನ್ನು ಕಡಿದುಹಾಕಿ ಪಂದ್ಯ ತನ್ನ ವೇಗದಲ್ಲೇ ಓಡುವಂತೆ ಅವರು ಮಾಡಿದರು. ಒಂದೇ ಕಥೆ, ಅದೇ ಕೈ, ಆದರೂ ಗಡಿಯಾರ ಬದಲಾದದ್ದಕ್ಕೆ ಕಟ್ಟುವ ರೀತಿಯೂ ಬದಲಾಯಿತು.

ಮಾಂಗಾ ತಯಾರಾಗುವ ಬಗೆ ತಿಳಿದರೆ ಅದರ ಗುಣದೋಷ ಎರಡೂ ಅರ್ಥವಾಗುತ್ತವೆ. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ಮಾಂಗಾ ವಾರಪತ್ರಿಕೆಯನ್ನೇ ನೋಡಿ. 1994ರ ಕೊನೆಗೆ ಅದರ ಒಂದು ಸಂಚಿಕೆ 65 ಲಕ್ಷ ಪ್ರತಿ ದಾಟಿತ್ತು. ಒಂದು ಸರಣಿಗೆ ವಾರಕ್ಕೆ ಸುಮಾರು 19 ಪುಟ. ಮಾಂಗಾಕಾರರು ಮೊದಲು ‘ನೇಮು’ ಎಂಬ ಕಚ್ಚಾ ಪ್ರತಿ ಮಾಡುತ್ತಾರೆ: ಚೌಕಗಳ ಜೋಡಣೆ, ಮಾತು, ಗೀಚು ಚಿತ್ರ. ಸಂಪಾದಕ ಒಪ್ಪಿದ ಮೇಲೆ ಪೆನ್ಸಿಲ್, ಆಮೇಲೆ ಶಾಯಿ. ಹಿನ್ನೆಲೆ ಬಿಡಿಸುವುದು, ಕಪ್ಪು ತುಂಬುವುದು, ಬೂದುಬಣ್ಣದ ಚುಕ್ಕೆಗಳ ಸ್ಕ್ರೀನ್‌ಟೋನ್ ಹಚ್ಚುವುದು ಸಹಾಯಕರ ಪಾಲು. ಏಳು ದಿನದಲ್ಲಿ ಇಷ್ಟೂ ಆಗಬೇಕು. ಈ ಓಟದಲ್ಲಿ ಮೊದಲು ಸಾಯುವುದು ಹಿನ್ನೆಲೆ. ದೊಡ್ಡ ಮುಖ, ಬಿಳಿ ಖಾಲಿ ಜಾಗ, ವೇಗದ ಗೆರೆಗಳು ಹೆಚ್ಚಾದವೆಂದರೆ ಆ ವಾರ ಸಮಯ ಸಾಲಲಿಲ್ಲ ಎಂದೇ ತಿಳಿಯಿರಿ. ಐತಿಹಾಸಿಕ ಕಥೆ ‘ವಿನ್‌ಲೆಂಡ್ ಸಾಗಾ’ 2005ರಲ್ಲಿ ವಾರಪತ್ರಿಕೆಯಲ್ಲಿ ಆರಂಭವಾಗಿ ಅದೇ ವರ್ಷ ಮಾಸಪತ್ರಿಕೆಗೆ ಹೋಯಿತು. ಹಡಗು, ಕೋಟೆ, ಹಿಮವನ್ನೆಲ್ಲ ಆ ಮಟ್ಟದಲ್ಲಿ ಬಿಡಿಸಲು ವಾರದ ಗಡುವು ಎಲ್ಲಿ ಸಾಲಬೇಕು?

ಎರಡನೆಯ ಒತ್ತಡ ಓದುಗರ ಮತ. ಜಂಪ್‌ನಲ್ಲಿ ಓದುಗರು ಅಂಚೆಕಾರ್ಡಿನಲ್ಲಿ ತಮಗೆ ಮೆಚ್ಚುಗೆಯಾದ ಮೂರು ಸರಣಿ ಬರೆದು ಕಳಿಸುವ ಪದ್ಧತಿ ಬಹುಕಾಲದ್ದು. ಮತ ಬೀಳದ ಹೊಸ ಸರಣಿ ಇಪ್ಪತ್ತು ಅಧ್ಯಾಯದೊಳಗೇ ಬಾಗಿಲು ಹಾಕಬಹುದು. ಇದರಿಂದ ಮಾಂಗಾದ ಆರಂಭಗಳು ಅದ್ಭುತವಾಗಿರುತ್ತವೆ: ಮೊದಲ ಅಧ್ಯಾಯಕ್ಕೆ ಐವತ್ತರ ಆಸುಪಾಸು ಪುಟ, ಮೂರು ವಾರದೊಳಗೆ ಓದುಗನನ್ನು ಕೊಕ್ಕೆಗೆ ಸಿಕ್ಕಿಸುವ ಛಲ. ಅಂತ್ಯಗಳು ಸೊರಗುವುದಕ್ಕೂ ಇದೇ ಕಾರಣ. ಸೋತ ಸರಣಿಗೆ ಮುಗಿಸಲು ಸಮಯ ಸಿಗದು, ಗೆದ್ದ ಸರಣಿಗೆ ಮುಗಿಸಲು ಬಿಡುವುದಿಲ್ಲ. ಹೊಸ ಖಳ, ಅವನಿಗಿಂತ ಬಲಶಾಲಿ ಇನ್ನೊಬ್ಬ ಖಳ ಎಂದು ಶಕ್ತಿಯ ಬೆಲೆಯೇರಿಕೆ ನಡೆಯುತ್ತಲೇ ಇರುತ್ತದೆ. ನಮ್ಮ ಮೆಗಾ ಧಾರಾವಾಹಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಡೆದಾಟದ ನಡುವೆ ತನ್ನ ವಿದ್ಯೆಯ ಗುಟ್ಟನ್ನು ತಾನೇ ವಿವರಿಸುವ ಪಾತ್ರಗಳೂ ವಾರದ ಲೆಕ್ಕದ ಕೂಸುಗಳೇ, ಏಕೆಂದರೆ ಕಳೆದ ವಾರದ್ದನ್ನು ಓದುಗ ಮರೆತಿರುತ್ತಾನೆ. ಸಂಪುಟವಾಗಿ ಒಟ್ಟಿಗೆ ಓದುವಾಗ ಈ ವಿವರಣೆ ತಲೆ ತಿನ್ನುತ್ತದೆ. ಅಂಥ ಮಾತಿನ ಬಲೂನುಗಳ ಮೇಲೆ ಕಣ್ಣಾಡಿಸಿ ಮುಂದೆ ಹೋಗಿ, ನಷ್ಟವೇನೂ ಇಲ್ಲ. ಅನಿಮೆಯಲ್ಲಿ ಆ ಸ್ವಾತಂತ್ರ್ಯವಿಲ್ಲ.

ಓದುವ ಕ್ರಮ ತಿಳಿಯುತ್ತಿಲ್ಲ ಎಂದಿದ್ದೀರಿ. ಪುಟದ ಬಲಮೇಲ್ತುದಿಯಿಂದ ಶುರು ಮಾಡಿ, ಎಡಕ್ಕೆ ಹೋಗಿ, ಆಮೇಲೆ ಕೆಳಗಿನ ಸಾಲಿಗೆ ಇಳಿಯಿರಿ. ಬಲೂನುಗಳಿಗೂ ಇದೇ ಕ್ರಮ. ಗೊಂದಲವಾದರೆ ಚೌಕಗಳ ನಡುವಿನ ಬಿಳಿ ಸಂದು ನೋಡಿ: ಅಕ್ಕಪಕ್ಕದ ಚೌಕಗಳ ನಡುವೆ ಸಂದು ಕಿರಿದು, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ನಡುವೆ ಅಗಲ. ಕಣ್ಣು ಕಿರಿದಾದ ಸಂದನ್ನು ಮೊದಲು ದಾಟಲಿ ಎಂದೇ ಹಾಗೆ ಬಿಟ್ಟಿರುತ್ತಾರೆ. ಹೊಡೆದಾಟ ಅರ್ಥವಾಗದಿದ್ದರೆ ಮಾತು ಬಿಟ್ಟು ವೇಗದ ಗೆರೆಗಳ ದಿಕ್ಕನ್ನಷ್ಟೇ ಹಿಂಬಾಲಿಸಿ ಪುಟವನ್ನು ಇನ್ನೊಮ್ಮೆ ನೋಡಿ. ಹೊಡೆಯುವವನು ಯಾವ ಕಡೆಯಿಂದ ಬಂದ, ಬಿದ್ದವನು ಯಾವ ಕಡೆಗೆ ಬಿದ್ದ ಎಂಬುದು ಆಗ ಹೊಳೆಯುತ್ತದೆ. ಎರಡು ಸಂಪುಟ ಮುಗಿಯುವಷ್ಟರಲ್ಲಿ ಕಣ್ಣು ತಾನಾಗಿ ಪಳಗುತ್ತದೆ.

ಮೊಬೈಲಿನಲ್ಲಿ ಓದುವವರಿಗೆ ಎರಡು ಕಾಟ. ಮೊದಲನೆಯದು, ಎರಡು ಪುಟಕ್ಕೆ ಹಬ್ಬಿದ ದೊಡ್ಡ ಚಿತ್ರ ನಿಂತ ಪರದೆಯಲ್ಲಿ ಸೀಳಿಹೋಗುತ್ತದೆ. ಫೋನನ್ನು ಅಡ್ಡ ಹಿಡಿಯಿರಿ. ಎರಡನೆಯದು, ಮೇಲಿಂದ ಕೆಳಕ್ಕೆ ಜಾರಿಸುವ ವಿಧಾನದಲ್ಲಿ ಪುಟ ತಿರುವುವ ಸೊಗಸೇ ಹೋಗುತ್ತದೆ. ಮಾಂಗಾಕಾರರು ಎಡಪುಟದ ಕೊನೆಯ ಚೌಕದಲ್ಲಿ ಕುತೂಹಲ ಹುಟ್ಟಿಸಿ, ಅದರ ಉತ್ತರವನ್ನು ಹಾಳೆ ಮಗುಚಿದ ಮೇಲಷ್ಟೇ ಕಾಣುವಂತೆ ಇಡುತ್ತಾರೆ. ಆ್ಯಪ್‌ನಲ್ಲಿ ಅಡ್ಡ ಸರಿಸುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಬೂದು ಭಾಗಗಳಲ್ಲಿ ಬಲೆಬಲೆಯಂಥ ವಿಚಿತ್ರ ವಿನ್ಯಾಸ ಕಂಡರೆ ಅದು ಕಲಾವಿದರ ತಪ್ಪಲ್ಲ, ಸ್ಕ್ರೀನ್‌ಟೋನ್ ಚುಕ್ಕೆಗಳು ಕುಗ್ಗಿದ ಚಿತ್ರದಲ್ಲಿ ಪರದೆಯ ಚುಕ್ಕೆಗಳಿಗೆ ತಾಳೆಯಾಗದೆ ಮೂಡಿದ್ದು. ಸ್ವಲ್ಪ ಹಿಗ್ಗಿಸಿದರೆ ಹೋಗುತ್ತದೆ.

ಈಗ ಅನಿಮೆ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಸುಮಾರು 24 ನಿಮಿಷ. ಆರಂಭಗೀತೆಗೆ 90 ಸೆಕೆಂಡು, ಅಂತ್ಯಗೀತೆಗೆ 90 ಸೆಕೆಂಡು. ಕಥೆಗೆ ಉಳಿಯುವುದು 20–21 ನಿಮಿಷ. ಸೆಕೆಂಡಿಗೆ 24 ಚೌಕಟ್ಟು ಓಡುತ್ತವಾದರೂ ಒಂದೊಂದು ಚಿತ್ರವನ್ನು ಮೂರು ಚೌಕಟ್ಟು ಹಿಡಿದಿಡುವುದು ಸಾಮಾನ್ಯ ಪದ್ಧತಿ, ಅಂದರೆ ಸೆಕೆಂಡಿಗೆ 8 ಚಿತ್ರ. ಮಾತಾಡುವ ಬಾಯಿಗೆ ಮೂರೇ ಚಿತ್ರ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಮಾಂಗಾಕಾರ ಒಸಾಮು ತೆಜುಕಾ 1963ರ ಜನವರಿ 1ರಂದು ‘ಟೆಟ್ಸುವಾನ್ ಆಟಮ್’ (ಆಸ್ಟ್ರೋ ಬಾಯ್) ಅನ್ನು ಟಿ.ವಿ.ಗೆ ತಂದಾಗಿನಿಂದ ಈ ಮಿತವ್ಯಯವೇ ಮನೆಯ ನಿಯಮ. ‘ಚಲನೆ ಕಡಿಮೆ, ಹಾಗಾಗಿ ಅನಿಮೆ ಕೀಳು’ ಎಂದು ಡಿಸ್ನಿಯನ್ನು ಅಳತೆಗೋಲು ಮಾಡಿಕೊಂಡವರು ಹೇಳುತ್ತಾರೆ. ಇದು ಅರ್ಧ ಸತ್ಯ. ಒಳ್ಳೆಯ ನಿರ್ದೇಶಕ ಊಟದ ಮೇಜಿನ ಮಾತುಕತೆಯಲ್ಲಿ ಚಿತ್ರಗಳನ್ನು ಉಳಿಸಿ, ಆ ಉಳಿತಾಯವನ್ನೆಲ್ಲ ಎರಡು ನಿಮಿಷದ ಕಾಳಗದಲ್ಲಿ ಸುರಿಯುತ್ತಾನೆ. ಜಿಪುಣತನವಿಲ್ಲದಿದ್ದರೆ ಆ ಹಬ್ಬವೂ ಇಲ್ಲ. ಹಬ್ಬವಿಲ್ಲದೆ ಬರಿ ಜಿಪುಣತನ ಉಳಿದರೆ ಮಾತ್ರ ದೂರಬೇಕು.

ಹಾಗೆ ಉಳಿಯುವುದು ಯಾಕೆ? ಹೆಚ್ಚಿನ ಅನಿಮೆಗಳಿಗೆ ಹಣ ಹಾಕುವುದು ‘ನಿರ್ಮಾಣ ಸಮಿತಿ’. ಅದರಲ್ಲಿ ಪ್ರಕಾಶಕರು, ಟಿ.ವಿ. ವಾಹಿನಿ, ಸಂಗೀತ ಕಂಪನಿ, ಆಟಿಕೆ ಕಂಪನಿ ಸೇರಿರುತ್ತಾರೆ. ಚಿತ್ರ ಬಿಡಿಸುವ ಸ್ಟುಡಿಯೋ ಬಹುತೇಕ ಗೊತ್ತಾದ ಮೊತ್ತಕ್ಕೆ ಕೆಲಸ ಮಾಡಿಕೊಡುವ ಗುತ್ತಿಗೆದಾರ. ಸರಣಿ ಎಷ್ಟು ಗೆದ್ದರೂ ಲಾಭ ಅತ್ತ ಹರಿಯುವುದು ಕಡಿಮೆ, ಹಾಗಾಗಿ ಒಂದೇ ಸಲ ನಾಲ್ಕಾರು ಸರಣಿ ಒಪ್ಪಿಕೊಳ್ಳಬೇಕಾಗುತ್ತದೆ. ಚಿತ್ರಕಾರರಲ್ಲಿ ಅನೇಕರಿಗೆ ಚಿತ್ರದ ಲೆಕ್ಕದಲ್ಲಿ ಕೂಲಿ. ಕಂತು ಪ್ರಸಾರದ ಅಂಚಿಗೆ ಬಂದಾಗ ತಿದ್ದಲು ಹೊತ್ತಿಲ್ಲದೆ ಮುಖಗಳು ಸೊಟ್ಟಗಾಗುತ್ತವೆ. ಡಿಸ್ಕ್ ಆವೃತ್ತಿಯಲ್ಲಿ ಅವನ್ನು ಎಷ್ಟೋ ಸಲ ಮತ್ತೆ ಬಿಡಿಸುತ್ತಾರೆ. ಸ್ಟುಡಿಯೋ ಬದಲಾದರೆ ಏನಾಗಬಹುದು ಎಂಬುದಕ್ಕೆ ‘ಒನ್ ಪಂಚ್ ಮ್ಯಾನ್’ ನೋಡಿ: 2015ರ ಮೊದಲ ಸೀಸನ್ ಮ್ಯಾಡ್‌ಹೌಸ್‌ನದ್ದು, 2019ರ ಎರಡನೆಯದು ಜೆ.ಸಿ. ಸ್ಟಾಫ್‌ನದ್ದು. ಕಾಳಗಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಬೇರೆ ವಿಮರ್ಶೆ ಬೇಡ.

ಇನ್ನೊಂದು ದೂರು ಆಗಾಗ ಕೇಳಿಬರುತ್ತದೆ: ಹೊಡೆದಾಟದ ಮಿಂಚಿನಲ್ಲೇ ಚಿತ್ರ ಯಾಕೆ ಮಂಕಾಗುತ್ತದೆ? ಇದು ನಿಮ್ಮ ಪರದೆಯ ದೋಷವಲ್ಲ. 1997ರ ಡಿಸೆಂಬರ್ 16ರಂದು ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಪಟಪಟನೆ ಮಿನುಗಿದ್ದರಿಂದ ಜಪಾನಿನಲ್ಲಿ ಆರುನೂರಕ್ಕೂ ಹೆಚ್ಚು ಮಂದಿ, ಹೆಚ್ಚಾಗಿ ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಆಮೇಲೆ ಬಂದ ನಿಯಮಗಳ ಪ್ರಕಾರ ಪ್ರಸಾರದ ಪ್ರತಿಯಲ್ಲಿ ಮಿನುಗನ್ನು ಮಂಕು ಮಾಡುತ್ತಾರೆ. ಡಿಸ್ಕ್ ಪ್ರತಿಗಳಲ್ಲಿ ಈ ಮಂಕು ಸಾಮಾನ್ಯವಾಗಿ ಇರುವುದಿಲ್ಲ.

ಮಾಂಗಾವನ್ನು ಅನಿಮೆ ಸಾರಾಸಗಟಾಗಿ ಮೀರಿಸುವ ಜಾಗಗಳೂ ಇವೆ. ಸಂಗೀತದ ಕಥೆ ಅವುಗಳಲ್ಲಿ ಮೊದಲನೆಯದು. ‘ಬೊಚ್ಚಿ ದ ರಾಕ್!’ ಮೂಲದಲ್ಲಿ ನಾಲ್ಕು ಚೌಕದ ನಗೆಪಟ್ಟಿಗಳ ಮಾಂಗಾ. ವೇದಿಕೆಯ ಮೇಲೆ ಹುಡುಗಿ ಗಿಟಾರ್ ನುಡಿಸಿದಾಗ ಅದು ಚೆನ್ನಾಗಿತ್ತೆಂದು ಪುಟ ಹೇಳಬಹುದು, ಕೇಳಿಸಲಾರದು. 2022ರ 12 ಕಂತುಗಳ ಅನಿಮೆ ಅದನ್ನು ಕೇಳಿಸಿತು. ಚಿತ್ರಕಲೆ ಒರಟಾಗಿರುವ ಮಾಂಗಾಗಳಿಗೂ ಅನಿಮೆ ವರವೇ. ‘ಡೀಮನ್ ಸ್ಲೇಯರ್’ ಮಾಂಗಾದಲ್ಲಿ ಭಾವ ಗಟ್ಟಿ, ಕಾಳಗದ ಗೆರೆಗಳು ತೊಡಕು. ಯುಫೋಟೇಬಲ್ ಸ್ಟುಡಿಯೋ 2019ರಲ್ಲಿ ಬಣ್ಣ, ಬೆಳಕು, ಹಾಡು ಸೇರಿಸಿ ಕಟ್ಟಿದ 19ನೆಯ ಕಂತೇ ಆ ಸರಣಿಯ ಭಾಗ್ಯ ಬದಲಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ‘ಅಟ್ಯಾಕ್ ಆನ್ ಟೈಟನ್’ನ ಮೊದಲ ಸಂಪುಟಗಳ ಅಂಕುಡೊಂಕು ಅಂಗಾಂಗಗಳಿಗೆ ಹೆದರಿದವರು ಅನಿಮೆಯಿಂದಲೇ ಶುರು ಮಾಡಬಹುದು, ಕಳೆದುಕೊಳ್ಳುವುದು ಕಡಿಮೆ.

ಆರಿಸಲು ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ: ಒಂದು ಕಂತು ಎಷ್ಟು ಪುಟ ನುಂಗುತ್ತದೆ? ಅಭಿಮಾನಿಗಳ ವಿಕಿಗಳಲ್ಲಿ ಯಾವ ಕಂತು ಯಾವ ಅಧ್ಯಾಯದ್ದು ಎಂಬ ಪಟ್ಟಿ ಇರುತ್ತದೆ, ಭಾಗಿಸಿ ನೋಡಿ. ವಾರದ ಅಧ್ಯಾಯಗಳಾದರೆ ಕಂತಿಗೆ ಎರಡರಿಂದ ಮೂರು, ಅಂದರೆ 40–60 ಪುಟ, ಹದ. ನವೊಕಿ ಉರಸವಾ ಅವರ ‘ಮಾನ್‌ಸ್ಟರ್’ 162 ಅಧ್ಯಾಯ, ಅನಿಮೆ 74 ಕಂತು. ಕಂತಿಗೆ ಎರಡರ ಮೇಲೆ ಸ್ವಲ್ಪ, ನಿಷ್ಠೆಯ ರೂಪಾಂತರ. ಕಂತಿಗೆ ಒಂದೇ ಅಧ್ಯಾಯ ಎಂದರೆ ಎಳೆದಿದ್ದಾರೆ: ‘ಒನ್ ಪೀಸ್’ ಮಾಂಗಾದ 1000ನೆಯ ಅಧ್ಯಾಯ ತೆರೆಗೆ ಬಂದದ್ದು 1015ನೆಯ ಕಂತಿನಲ್ಲಿ. ಐದು ದಾಟಿದರೆ ಕತ್ತರಿ ಆಡಿದೆ. ‘ಪ್ರಾಮಿಸ್ಡ್ ನೆವರ್‌ಲ್ಯಾಂಡ್’ನ ಮೊದಲ ಸೀಸನ್ 12 ಕಂತಿನಲ್ಲಿ 37 ಅಧ್ಯಾಯ ಹೇಳಿ ಮೆಚ್ಚುಗೆ ಪಡೆಯಿತು. 2021ರ ಎರಡನೆಯ ಸೀಸನ್ ಉಳಿದ 144 ಅಧ್ಯಾಯಗಳ ಕಥೆಯನ್ನು 11 ಕಂತಿಗೆ ತುರುಕಿ, ಗೋಲ್ಡಿ ಪಾಂಡ್ ಎಂಬ ಇಡೀ ಘಟ್ಟವನ್ನೇ ನುಂಗಿಹಾಕಿತು. ಅಲ್ಲಿಂದ ಮುಂದೆ ಮಾಂಗಾ ಬಿಟ್ಟು ದಾರಿಯಿಲ್ಲ. ಒಂದು ಎಚ್ಚರಿಕೆ: ಮಾಸಪತ್ರಿಕೆಯ ಅಧ್ಯಾಯಗಳು ಎರಡು ಪಟ್ಟು ಉದ್ದ. ಹಿರೊಮು ಅರಾಕವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ 108 ಅಧ್ಯಾಯ, 2009ರ ‘ಬ್ರದರ್‌ಹುಡ್’ ಅನಿಮೆ 64 ಕಂತು. ಅಧ್ಯಾಯದ ಲೆಕ್ಕದಲ್ಲಿ ನಿಧಾನ ಎನ್ನಿಸಿದರೂ ಪುಟದ ಲೆಕ್ಕದಲ್ಲಿ ಓಟವೇ, ಆರಂಭದ ಕಂತುಗಳಂತೂ ದಡಬಡ. ಅದೇ ಕಥೆಯ 2003ರ 51 ಕಂತುಗಳ ಅನಿಮೆ ಮಾಂಗಾ ಮುಗಿಯುವ ಮೊದಲೇ ಬಂದದ್ದರಿಂದ ಬೇರೆಯದೇ ಅಂತ್ಯ ಕಟ್ಟಿಕೊಂಡಿತು. ಆದರೆ ಅದರ ಮೊದಲ ಹತ್ತಿಪ್ಪತ್ತು ಕಂತುಗಳ ನಿಧಾನ, ದುಃಖದ ಭಾರ ‘ಬ್ರದರ್‌ಹುಡ್’ನಲ್ಲಿ ಇಲ್ಲ. ಮೂಲಕ್ಕೆ ನಿಷ್ಠೆಯೇ ಗುಣವೆಂದು ವಾದಿಸುವವರು ಇವೆರಡನ್ನೂ ನೋಡಿ ಮಾತಾಡಲಿ.

ಈಚಿನ ಸರಣಿಗಳಲ್ಲಿ ಫಿಲ್ಲರ್ ಕಾಟ ಬಹಳ ತಗ್ಗಿದೆ, ಏಕೆಂದರೆ 12–13 ಕಂತುಗಳ ಸೀಸನ್ ಮಾಡಿ ನಿಲ್ಲಿಸುತ್ತಾರೆ. ಅದರ ಬದಲಿಗೆ ಹೊಸ ರೋಗ: ಕಥೆ ನಡುವಿನಲ್ಲಿ ಕಡಿದು ವರ್ಷಗಟ್ಟಲೆ ಮೌನ. ಎಷ್ಟೋ ಅನಿಮೆಗಳು ಒಂದು ರೀತಿಯಲ್ಲಿ ಮಾಂಗಾಕ್ಕೆ ಜಾಹೀರಾತು. ಸೀಸನ್ ಮುಗಿದ ಮೇಲೆ ಮಾಂಗಾಕ್ಕೆ ಹೋಗುವಿರಾದರೆ ನಿಂತ ಅಧ್ಯಾಯದಿಂದಲ್ಲ, ಅದಕ್ಕಿಂತ ಒಂದು ಸಂಪುಟ ಹಿಂದಿನಿಂದ ಓದಿ. ಅನಿಮೆ ಕತ್ತರಿಸಿದ ಸಣ್ಣ ಸುಳಿವುಗಳು ಅಲ್ಲಿ ಸಿಗುತ್ತವೆ. ನ್ಯಾಯವಾಗಿ ಓದಲು ‘ಜಂಪ್’ನ ಪ್ರಕಾಶಕ ಶುಯೇಶಾದ ‘ಮಾಂಗಾ ಪ್ಲಸ್’ ಆ್ಯಪ್‌ನಲ್ಲಿ ಮೊದಲ ಮತ್ತು ಇತ್ತೀಚಿನ ಕೆಲವು ಅಧ್ಯಾಯಗಳು ಉಚಿತ. ರುಚಿ ನೋಡಲು ಅಷ್ಟು ಸಾಕು.

ಭಾಷೆಯ ಮಾತು ಹೇಳದಿದ್ದರೆ ಉತ್ತರ ಅಪೂರ್ಣ. ನಾವು ಓದುವುದು ಹೆಚ್ಚಾಗಿ ಇಂಗ್ಲಿಷ್ ಅನುವಾದವನ್ನು, ಜಪಾನಿಯ ಎಷ್ಟೋ ಸೂಕ್ಷ್ಮ ಸೋರಿಹೋಗುವುದೂ ಅಲ್ಲೇ. ಕನ್ನಡಿಗರಿಗೆ ಅವು ತಾಯಿನುಡಿಯಲ್ಲೇ ಇವೆ. ನರುತೊದ ಸಾಸುಕೆ ಬಾಲ್ಯದಲ್ಲಿ ತನ್ನ ಅಣ್ಣ ಇತಾಚಿಯನ್ನು ‘ನೀ-ಸಾನ್’, ಅಂದರೆ ‘ಅಣ್ಣ’, ಎನ್ನುತ್ತಾನೆ. ಆ ಅಣ್ಣನ ಕೈಯಲ್ಲೇ ಮನೆತನವೆಲ್ಲ ಹತವಾದ ಮೇಲೆ ಬರಿ ‘ಇತಾಚಿ’. ಅಣ್ಣನನ್ನು ಹೆಸರು ಹಿಡಿದು ಕರೆದರೆ ಮನೆಯಲ್ಲಿ ಏನಾಗುತ್ತದೆಂದು ಬಲ್ಲ ನಮಗೆ ಆ ಒಂದು ಪದವೇ ದ್ವೇಷದ ಅಳತೆ. ಇಂಗ್ಲಿಷ್‌ನಲ್ಲಿ ಅದು ಅಷ್ಟು ಚುಚ್ಚುವುದಿಲ್ಲ. ‘ಅನತಾ’, ‘ಕಿಮಿ’, ‘ಒಮಾಎ’ ಎಂಬ ಮೂರು ಬಗೆಯ ಸಂಬೋಧನೆಯೂ ಹಾಗೆಯೇ, ನೀವು-ನೀನು ಭೇದ ಬಲ್ಲವರ ಕಿವಿಗೆ ಹಿಡಿಯುತ್ತದೆ. ಮೂಲ ಧ್ವನಿಯಲ್ಲಿ ನೋಡಿ, ಸಬ್‌ಟೈಟಲ್ ಓದುತ್ತಲೇ ಈ ಪದಗಳಿಗೆ ಕಿವಿಗೊಡಿ. ಜಪಾನಿ ವಾಕ್ಯದಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುತ್ತದೆ. ನಟ ಕೊನೆಯ ಪದಕ್ಕೆ ತಡೆಹಿಡಿದ ಗುಟ್ಟನ್ನು ಇಂಗ್ಲಿಷ್ ಸಾಲು ಮೊದಲೇ ಉಗುಳಿಬಿಡುವುದುಂಟು, ಅದೊಂದು ತಾಳ್ಮೆಗೆಡಿಸುವ ಸಂಗತಿ. ಮಾಂಗಾದಲ್ಲಿ ಚಿತ್ರದೊಳಗೇ ಬರೆದ ಸದ್ದುಗಳದ್ದೂ ಇದೇ ಪಾಡು. ‘ದೊಕಿ ದೊಕಿ’ ನಮ್ಮ ಡವಡವ, ‘ಕಿರ ಕಿರ’ ನಮ್ಮ ಫಳಫಳ, ‘ಗೊರೊ ಗೊರೊ’ ನಮ್ಮ ಗುಡುಗುಡು. ಮೌನಕ್ಕೂ ಅವರಲ್ಲಿ ‘ಶೀನ್’ ಎಂಬ ಸದ್ದಿದೆ, ನಮ್ಮಲ್ಲಿ ಗವ್ವೆನ್ನುವ ಮೌನ ಇದ್ದಂತೆ. ಅನುವಾದದ ಅಡಿಟಿಪ್ಪಣಿ ಬಿಟ್ಟು ಮನಸ್ಸಿನಲ್ಲಿ ಕನ್ನಡದ ಸದ್ದು ಹಾಕಿಕೊಂಡು ಓದಿ, ಪುಟಕ್ಕೆ ಜೀವ ಬರುತ್ತದೆ.

ಎರಡಕ್ಕೂ ಸಮಾನವಾದ ಒಂದು ದೋಷವನ್ನು ಮುಚ್ಚಿಡಬಾರದು. ಹೆಣ್ಣುಪಾತ್ರಗಳನ್ನು ಚೆನ್ನಾಗಿ ಆರಂಭಿಸಿ ನಡುದಾರಿಯಲ್ಲಿ ಮೂಲೆಗೆ ಸರಿಸುವುದು, ಕಥೆಗೆ ಬೇಕಿಲ್ಲದಿದ್ದರೂ ಅವರ ಮೈಮೇಲೆ ಕಣ್ಣಾಡಿಸುವುದು ಹುಡುಗರ ಪತ್ರಿಕೆಗಳ ಹಳೆಯ ಚಾಳಿ. ನರುತೊದ ಸಕುರಾ ಬಗ್ಗೆ ಅಭಿಮಾನಿಗಳೇ ಗೊಣಗುತ್ತಾರೆ. ‘ಶೋನೆನ್’ ಎಂದರೆ ಹುಡುಗರಿಗಾಗಿ ಎಂದಷ್ಟೇ ಅರ್ಥ, ಮಕ್ಕಳಿಗೆ ಯೋಗ್ಯ ಎಂಬ ಪ್ರಮಾಣಪತ್ರವಲ್ಲ. ಮನೆಯ ಮಕ್ಕಳಿಗೆ ಕೊಡುವ ಮೊದಲು ಸಂಪುಟದ ಹಿಂಬದಿಯ ವಯೋಮಿತಿ ನೋಡಿ, ಮೊದಲ ಸಂಪುಟವನ್ನು ನೀವೇ ಓದಿ. ಮುಕ್ಕಾಲು ಗಂಟೆಯ ಕೆಲಸ.

ನಿಮ್ಮ ವಿಷಯಕ್ಕೆ ಬಂದರೆ, ನರುತೊವನ್ನು ಅನಿಮೆಯಲ್ಲೇ ಮುಂದುವರಿಸಿ. ಅದರ ಸಂಗೀತ ಮತ್ತು ಆಯ್ದ ಕಾಳಗಗಳು ಬಿಡುವಂಥವಲ್ಲ. ಜೊತೆಗೆ ಮಾಂಗಾ ಕಣ್ಣು ಪಳಗಲು ಹೊಡೆದಾಟ ಕಡಿಮೆಯಿರುವ, ಚೌಕಗಳು ನೇರವಾಗಿರುವ ‘ಮಾನ್‌ಸ್ಟರ್’ನಂಥದ್ದನ್ನು ಹಿಡಿಯಿರಿ. ಆಮೇಲೆ ‘ಸ್ಲ್ಯಾಮ್ ಡಂಕ್’. ಅದರ ಕೊನೆಯ ಸಂಪುಟವನ್ನು ಮಾತ್ರ ಬಸ್ಸಿನಲ್ಲಿ, ಮೊಬೈಲಿನಲ್ಲಿ ಓದಬೇಡಿ. ಕಾಗದದ ಪ್ರತಿಯೇ ಸಿಗಲಿ, ಸಿಗುವವರೆಗೆ ಕಾಯಿರಿ.